ಎಡಬಾಗಿಲಿನ ಅಲಮಾರಿ

ರಾಯಚೂರು
14-6-1981, ರವಿವಾರ

ನನ್ನ ಎಡಚಿ ಗೆಳತಿ ಗುಲ್ಶನ್‌ಗೆ,

ಗೋಪಮ್ಮನ ನಮಸ್ಕಾರ. ನಿನ್ನ ಎರಡು ಕಾಗದಗಳಿಗೆ ನಾನು ಉತ್ತರ ಬರೆದಿಲ್ಲ. ಬೈಯಬೇಕೆನಿಸಿದರೆ ಬೈದುಬಿಡು, ಆದರೆ ಇದನ್ನು ಪೂರ್ತಿ ಓದಿದ ಮೇಲೆ. ಓದುವಾಗ ನಿನ್ನ ಗಂಡ ದಸ್ತಗೀರ ಮನೆಯಲ್ಲಿರಬಾರದು.

ಶಾಲೆಗೆ ಬೇಸಿಗೆ ರಜೆ ಇತ್ತಲ್ಲ, ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಒಂದು ಅಲಮಾರಿಗೆ ಬಣ್ಣ ಹೊಡೆಯಲು ಕೂತೆ. ಅಪ್ಪಟ ಸಾಗವಾನಿ. ಯಾರೋ ಪುಣ್ಯಾತ್ಮರು ಅದಕ್ಕೆ ಮೈತುಂಬ ಹಸಿರು ಬಣ್ಣ ಮೆತ್ತಿದ್ದರು. ಉಸುಕಿನ ಕಾಗದ ಹಿಡಿದು ಮೂರು ದಿನ ತಿಕ್ಕಿದೆ, ಬೆರಳ ತುದಿಯ ಚರ್ಮ ಹೋಯಿತು. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಬಿರುಕುಗಳಿಗೆ ತುಂಬಿದೆ. ಅಂಗಳದಲ್ಲಿಟ್ಟು ಬಣ್ಣ ಹೊಡೆದರೆ ಮಧ್ಯಾಹ್ನಕ್ಕೇ ಗುಳ್ಳೆ ಎದ್ದವು. ನಮ್ಮ ಊರಿನ ಬಿಸಿಲು ನಿನಗೆ ಗೊತ್ತೇ ಇದೆ. ಮತ್ತೆ ತಿಕ್ಕಿ, ಪಡಸಾಲೆಗೆ ಎಳೆದುಕೊಂಡು ಹೊಡೆದೆ.

ಬಾಗಿಲಿನ ಒಳಮೈಯ ಹಸಿರು ಕೆರೆದಾಗ ಅಕ್ಷರಗಳು ಕಂಡವು. ಲಗ್ನದಲ್ಲಿ ಕೊಟ್ಟ ಸಾಮಾನಿನ ಮೇಲೆ ಕೊಟ್ಟವರ ಹೆಸರು ಬರೆಸುವುದು ನಮ್ಮ ಕಡೆ ಇದ್ದದ್ದೇ. ‘ಖಾಜಾಮಿಯಾ, ಮಾನ್ವಿ. ಮಗಳು ಗುಲ್ಶನ್ ಬೇಗಂಗೆ. 1974.’ ನಿನ್ನ ಅಬ್ಬಾ ತಮ್ಮ ಕೈಯಾರೆ ಮಾಡಿದ ಅಲಮಾರಿ. ದಸ್ತಗೀರ ಅದನ್ನು ಮಾರಿದ್ದಾನೆ, ನೀನು ತೌರಿಗೆ ಹೇಳಿಲ್ಲ ಎಂದು ಅರ್ಥವಾಯಿತು. ನಿನ್ನ ಗುಟ್ಟು ನನ್ನಲ್ಲೇ ಇರಲಿ ಎಂದು ಆ ಹೆಸರಿನ ಮೇಲೆ ಎರಡು ಸಲ ಕಂದು ಬಣ್ಣ ಬಳಿದೆ.

ನಿನ್ನೆ ಅಬ್ಬಾ ಕಣ್ಣು ತೋರಿಸಲು ರಾಯಚೂರಿಗೆ ಬಂದವರು ನನ್ನನ್ನೂ ನೋಡಿಹೋಗಲು ಬಂದರು. ಕಣ್ಣು ಈಗ ಅಷ್ಟಕ್ಕಷ್ಟೆ. ಬಣ್ಣ ಬಳಿದಿದ್ದೇನಲ್ಲ, ಅವರಿಗೇನು ತಿಳಿಯುತ್ತದೆ ಎಂದು ನಾನು ನಿಶ್ಚಿಂತೆಯಿಂದ ಚಹಾ ಕಾಯಿಸಲು ಹೋದೆ. ಎಂಥ ದಡ್ಡಿ ನೋಡು ನಾನು. ಎಲ್ಲ ಅಲಮಾರಿಗಳಿಗೂ ಬಲಬಾಗಿಲಿಗೆ ಚಿಲಕ, ಇದಕ್ಕೆ ಎಡಬಾಗಿಲಿಗೆ. ನೀನು ಎಲ್ಲವನ್ನೂ ಎಡಗೈಯಿಂದ ಮಾಡುವವಳೆಂದು ಅವರೇ ಹಾಗೆ ಕೂಡಿಸಿದ್ದರು. ನಾನು ಚಹಾ ತರುವಷ್ಟರಲ್ಲಿ ಅವರ ಕೈ ಆ ಚಿಲಕದ ಮೇಲಿತ್ತು. ಮೊಳೆಯ ಬದಲು ತಾವೇ ಹೊಡೆದಿದ್ದ ಮೂಲೆಯ ಬಿದಿರಿನ ಗೂಟಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ನೆಲದ ಮೇಲೆ ಕೂತುಬಿಟ್ಟರು.

“ಗೋಪವ್ವಾ, ಒಳಗ ಹೆಸರಿತ್ತು. ಅದರ ಮ್ಯಾಲ ಯಾಕ ಬಣ್ಣ ಬಳದಿ?” ಎಂದರು.

ನಿಮಗೆ ಸಂಕಟವಾಗಬಾರದು ಅಂತ, ಎಂದೆ.

“ಅಲಮಾರಿ ಹೋದ್ರ ಹೋಗ್ಲಿ, ಇನ್ನೊಂದು ಮಾಡೇನು. ಹೋದ ತಿಂಗಳ ಕಾಗದದಾಗೂ ‘ಅಬ್ಬಾ, ಅಲಮಾರಿ ದಿನಾ ಒರಸಾಕತ್ತೀನಿ’ ಅಂತ ಬರದಾಳ. ಆರಾಮ ಅದೀನಿ ಅಂತನೂ ಬರದಾಳ. ಅದನ್ನ ಹ್ಯಾಂಗ ನಂಬಲಿ ಈಗ?”

ಅವರು ಅತ್ತರು, ಗುಲ್ಶನ್. ಆ ಮನುಷ್ಯ ಅತ್ತದ್ದನ್ನು ನಾನು ಎಂದೂ ನೋಡಿರಲಿಲ್ಲ. ನಾನೂ ಅತ್ತೆ.

ಬರುವ ಶುಕ್ರವಾರ ಮುಂಜಾನೆಯ ಬಸ್ಸಿಗೆ ಅವರು ದೇವದುರ್ಗಕ್ಕೆ ನಿನ್ನ ಮನೆಗೆ ಬರುತ್ತಾರೆ. ಮೊದಲೇ ತಿಳಿದರೆ ನೀನು ಎಲ್ಲ ಮುಚ್ಚಿಡುತ್ತೀ, ಬರೆಯಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದು ಬರೆಯುತ್ತಿದ್ದೇನೆ, ನೀನು ತಯಾರಾಗಿರಲಿ ಎಂದು. ಅಲಮಾರಿ ರಿಪೇರಿಗೆ ಹೋಗಿದೆ ಎಂದು ಕತೆ ಕಟ್ಟಬೇಡ. ಹೋದ ವರ್ಷ ಮೊಹರಂ ಹೊತ್ತಿಗೆ ನಿನ್ನ ಮುಂಗೈಗೆ ಪಟ್ಟಿ ಕಟ್ಟಿತ್ತು, ಬಾವಿಕಟ್ಟೆಯಲ್ಲಿ ಜಾರಿದೆ ಎಂದೆ ನೀನು. ಆ ಕತೆಯನ್ನು ಅವರಿಗೆ ಹೇಳಬೇಡ. ಇದ್ದದ್ದು ಇದ್ದಂತೆ ಹೇಳಿ, ಉಟ್ಟ ಸೀರೆಯಲ್ಲೇ ಅವರ ಸಂಗಡ ಬಂದುಬಿಡು. ಮಾನ್ವಿಯಲ್ಲಿ ಜನರ ಬಾಯಿಗೆ ಅಂಜಿದರೆ ನನ್ನ ಮನೆ ಇದೆ. ಎರಡು ಕೋಣೆ, ಇಬ್ಬರಿಗೆ ಬೇಕಾದಷ್ಟು.

ನಿನ್ನ
ಗೋಪಮ್ಮ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಕೆರೆದಾಗ ಹೆಸರು ಕಂಡಿತು ಎಂದದ್ದು ಸುಳ್ಳು. ಬಾಗಿಲಿನ ಒಳಮೈಗೆ ಹಸಿರು ಬಣ್ಣವೇ ಇರಲಿಲ್ಲ. ಎರಡು ವರ್ಷದ ಹಿಂದೆ ಅಂಗಡಿಯಲ್ಲೇ ನಿನ್ನ ಹೆಸರು ಓದಿದೆ, ಓದಿಯೇ ಕೊಂಡೆ. ನಿನ್ನ ಲಗ್ನದ ದಿನದಿಂದ ಅದರ ಮೇಲೆ ನನಗೆ ಕಣ್ಣಿತ್ತು. ಯಾಕೆ ಮಾರಿದಿರಿ ಎಂದು ನಿನ್ನನ್ನು ಕೇಳಿದ್ದರೆ ಅದನ್ನು ತಿರುಗಿ ಕೊಡಬೇಕಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ. ನಿನ್ನ ಕೈಗೆ ಪಟ್ಟಿ ನೋಡಿದ ದಿನವೂ ಕೇಳಲಿಲ್ಲ.