ಮುಚ್ಚಳ ಹಾಕಿ ತೆಗೆದ ಚಿತ್ರಗಳು

ಗೊಬ್ಬೂರ, ತಾಲೂಕು ಅಫಜಲಪುರ
೪-೧-೨೦೨೫, ಶನಿವಾರ

ಪ್ರೀತಿಯ ಅವ್ವಗೆ ಕಲ್ಲಿನಾಥನ ಶರಣು.

ನಿನ್ನ ಮೊಣಕಾಲು ಹೇಗಿದೆ? ಜೇವರ್ಗಿಯಲ್ಲಿ ಜಗದೇವಿಯ ಮನೆಯ ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಒಂದು ಸಳಿಯೂ ಇಲ್ಲ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಎಂದು ಇಲ್ಲಿ ಕುಳಿತು ನನಗೆ ಕಾಲು ನೋವು ಬಂದಂತಾಗುತ್ತದೆ. ಕೂಸಿಗೆ ಕುಲಾಯಿ ಬಿಚ್ಚಬೇಡಿರಿ. ಈ ಸಲದ ಥಂಡಿ ಒಳ್ಳೆಯದಲ್ಲ. ಜಗದೇವಿ ಬಾಣಂತಿ, ತಣ್ಣೀರಲ್ಲಿ ಕೈ ಹಾಕಲು ಬಿಡಬೇಡ. ನೀನು ಹಾಲು ತರುತ್ತೇನೆಂದು ಆ ವಿಜಯಪುರ ರೋಡು ದಾಟಬೇಡ, ಅಲ್ಲಿನ ಲಾರಿಯವರಿಗೆ ಮನುಷ್ಯರು ಕಾಣುವುದಿಲ್ಲ, ನಿನಗೆ ಹಾರ್ನು ಕೇಳುವುದಿಲ್ಲ. ಫೋನಿನಲ್ಲಿ ನಾನು ಗಂಟಲು ಹರಿದುಕೊಂಡರೂ ನೀನು "ಹ್ಞೂಂ, ಉಂಡೀನಪಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ. ಎಂಟನೇ ಇಯತ್ತೆಗೆ ಸಾಲೆ ಬಿಟ್ಟವನ ಅಕ್ಷರ, ಜಗದೇವಿ ನಗದೆ ಓದಲಿ. ತಂಗೀ, ಅವ್ವನ ಎಡಗಿವಿಯ ಕಡೆ ಕೂತು ಓದು, ಅದೇ ಚೂರು ಚಲೋ ಇದೆ.

ಹೊಲದ ಲೈಟಿನ ಚಿಂತೆ ನಿನಗಿದೆ ಎಂದು ನನಗೆ ಗೊತ್ತು. ಜೇವರ್ಗಿಗೆ ಹೋಗುವ ದಿನ ಬಸ್ಸಿನ ಕಿಟಕಿಯಿಂದ ಕೂಡ ಅದನ್ನೇ ಹೇಳಿದೆ: "ಎಳ್ಳ ಅಮಾಸಿ ಒಳಗ ಲೈಟಿನ ಕಂಬ ನಿಲ್ಲಿಸಿಬಿಡು. ಯಾರ ಕೈಗೂ ಕಾಯಬಾರದು ಅದು, ಹೊತ್ತು ಮುಳುಗಿದ್ರ ತಾನ ಹತ್ತಬೇಕು." ಯಾಕೆ ಹಾಗೆ ಹೇಳುತ್ತೀ ಎಂದು ನನಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಹೊಲದಲ್ಲಿ ಹಾವು ಕಚ್ಚಿ ಅಪ್ಪ ಹೋದಾಗ ಬ್ಯಾಟರಿ ಕೈಯಲ್ಲೇ ಇತ್ತು, ಸೆಲ್ಲು ಉಳಿಯಲಿ ಎಂದು ಹಚ್ಚಿರಲಿಲ್ಲ. ಅಂದಿನಿಂದ ನಿನಗೆ ಮನುಷ್ಯರು ಕೈಯಿಂದ ಒತ್ತುವ ಗುಂಡಿಯ ಮೇಲೆ ನಂಬಿಕೆ ಇಲ್ಲ, ನನಗೆ ಕತ್ತಲೆಯ ಮೇಲೆ ಇಲ್ಲ. ಲೈಟಿನ ಮುಜೀಬ ಹಬ್ಬದ ಮುಂಚೆ ಬರಲಾಗಲಿಲ್ಲ, ಅವನಿಗೆ ಎಲ್ಲ ಕಡೆ ಕೆಲಸ. ಆ ಸುದ್ದಿ ಹೇಳಿದಾಗ ನನ್ನ ಮುಖ ಬಾಡಿತು, ನಿನ್ನ ಸೊಸೆ ಸೃಷ್ಟಿಯ ಮುಖ ಮಾತ್ರ ಹಬ್ಬ ಬಂದಂತೆ ಅರಳಿತು. "ಹಂಗಾದ್ರ ಈ ಅಮಾಸಿ ಒಂದು ಸಿಕ್ತು ನನಗ. ಲೈಟ ಬಂದ ಮ್ಯಾಲ ನಮ್ಮ ಹೊಲದಾಗ ಆಕಾಶದ ಚಿಕ್ಕಿ ಸಿಗಂಗಿಲ್ರಿ" ಎಂದಳು.

ಸೃಷ್ಟಿಗೆ ಆಕಾಶದ ಫೋಟೋ ತೆಗೆಯುವ ಹುಚ್ಚಿದೆ ಎಂದು ನಿನಗೆ ಗೊತ್ತೇ ಇದೆ. ಆದರೆ ಅದು ಏನು ಎಂದು ನೀನೂ ಕೇಳಿಲ್ಲ, ನಾನೂ ಕೇಳಿರಲಿಲ್ಲ. ಆಳಂದದಲ್ಲಿ ಅವಳ ಅಪ್ಪ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ ಹಳೆಯ ಕ್ಯಾಮೆರಾ, ಅದರ ಜೊತೆಗೆ ಬಂದ ಸಾದಾ ಲೆನ್ಸು, ಮೂರು ಕಾಲಿನ ಒಂದು ಸ್ಟ್ಯಾಂಡು. ಇಷ್ಟೇ ಸಾಮಾನು. ದುರ್ಬೀನು ಇಲ್ಲ, ಏನಿಲ್ಲ. ಅವಳಿಗೆ ಬೇಕಾಗಿದ್ದುದು ಪಂಚಾಂಗದವರು ಮೃಗಶಿರ ಎನ್ನುವ ನಮ್ಮ ಮಿರಗದ ನಕ್ಷತ್ರದಲ್ಲಿ ಇರುವ ಒಂದು ಮೋಡ. ನಾವು ಮಿರಗ ಎಂದರೆ ಮಳೆ ಎನ್ನುತ್ತೇವೆ, ಬಿತ್ತನೆ ಎನ್ನುತ್ತೇವೆ. ಅಲ್ಲಿ ಮೂರು ಚುಕ್ಕಿ ಸಾಲಾಗಿವೆಯಲ್ಲ, ಅವುಗಳ ಕೆಳಗೆ ಕಣ್ಣಿಗೆ ಬರೀ ಮಸುಕಾಗಿ ಕಾಣುವ ಒಂದು ಚುಕ್ಕಿ ಇದೆ. ಅದು ಚುಕ್ಕಿಯಲ್ಲ, ಹೊಸ ನಕ್ಷತ್ರಗಳು ಹುಟ್ಟುವ ಮೋಡವಂತೆ. "ಅದೂ ಬಾಣಂತಿ ಕೋಣೀನ ಅನ್ರಿ" ಎಂದು ನಕ್ಕಳು. ಹಿಂದೆ ಎರಡು ಸಲ ಮನೆಯ ಮಾಳಿಗೆಯಿಂದ ತೆಗೆದು ನೋಡಿದ್ದಳು. ಊರ ಲೈಟಿನಲ್ಲಿ ಆಕಾಶವೇ ಬೂದಿ ಬಣ್ಣ ಬಂದು, ಮೋಡ ಅದರಲ್ಲೇ ಕರಗಿ ಹೋಗಿತ್ತು.

ಅಮಾವಾಸ್ಯೆಯ ದಿನ ಎಲ್ಲ ಪದ್ಧತಿಯಂತೆಯೇ ಆಯಿತು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಭೂತಾಯಿಗೆ ಎಡೆ ಹಿಡಿದು ಚರಗ ಚೆಲ್ಲಿದೆ, ನಾಲ್ಕು ಮೂಲೆಗೂ. ಉಪ್ಪು ಒಂದಿಷ್ಟು ಹೆಚ್ಚಾಗಿತ್ತು, ನೀನಿಲ್ಲದ ಹಬ್ಬ. ಎಲ್ಲರೂ ಸಂಜೆಗೆ ಗಾಡಿ ಹೂಡಿದರು, ನಾವಿಬ್ಬರೇ ಉಳಿದೆವು. ಸೊಸೆಯನ್ನು ಅಮಾವಾಸ್ಯೆ ಕತ್ತಲೆಯಲ್ಲಿ ಹೊಲದಲ್ಲಿ ಉಳಿಸಿದೆ ಎಂದು ಬೈಯಬೇಡ ಅವ್ವ. ಇಬ್ಬರ ಕಾಲಿಗೂ ಮೊಣಕಾಲ ತನಕ ರಬ್ಬರಿನ ಬೂಟು, ಕೈಯಲ್ಲಿ ಕೋಲು, ನೆಲಕ್ಕೆ ತಾಡಪತ್ರಿ. ಅದೆಲ್ಲ ಅವಳೇ ತಂದಿಟ್ಟಿದ್ದಳು. ಪಕ್ಕದ ಹೊಲದಲ್ಲಿ ಹುಲೆಪ್ಪ ಕಾಕಾ ಜೋಳ ಕಾಯಲು ಇದ್ದ. ಆದರೂ ನಾನು ಕೋಲು ಕೆಳಗಿಡಲಿಲ್ಲ. ಒಣ ಎಲೆ ಸರಕ್ ಎಂದರೆ ಸಾಕು, "ಏನದು?" ಎನ್ನುತ್ತಿದ್ದೆ. ಅವಳು ತಲೆ ಎತ್ತದೆ, "ನಿಮ್ಮ ಬೂಟೇ ರಿ" ಎನ್ನುತ್ತಿದ್ದಳು.

ಈಗ ಕೇಳು, ಅವಳ ಕೆಲಸ ಹೇಗೆ ಎಂದು. ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿಟ್ಟರೆ ಬೆಳಕು ಚಲೋ ಬರುತ್ತದೆ, ಆದರೆ ಭೂಮಿ ತಿರುಗುವುದರಿಂದ ಚುಕ್ಕಿಗಳು ಗೆರೆ ಎಳೆದಂತಾಗುತ್ತವೆ. ಅದಕ್ಕೆ ಕೆಲವೇ ಸೆಕೆಂಡು ತೆರೆಯಬೇಕು. ಅಷ್ಟು ಕಡಿಮೆ ಬೆಳಕನ್ನು ಕ್ಯಾಮೆರಾ ತನ್ನೊಳಗೇ ಜಗ್ಗಿ ದೊಡ್ಡದು ಮಾಡುತ್ತದೆ, ಜಗ್ಗಿದಾಗ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು. ಕೆಂಪು, ಹಸಿರು, ಬಿಳಿ. ಆ ಕಾಳಿಗೆ ಅವರು ನಾಯ್ಸ್ ಎನ್ನುತ್ತಾರಂತೆ, ಅಂದರೆ ಗದ್ದಲ. ಮೊದಲ ಚಿತ್ರ ನೋಡಿ ನಾನು ಹೆದರಿದೆ, ಕ್ಯಾಮೆರಾ ಕೆಟ್ಟಿತು, ಆಳಂದದಲ್ಲಿ ಮಾವನಿಗೆ ಯಾವ ಮುಖ ತೋರಿಸಲಿ ಎಂದು. ಅವಳು ಸಮಾಧಾನವಾಗಿ ಅದೇ ಚಿತ್ರವನ್ನು ಮತ್ತೆ ತೆಗೆದಳು. ಮತ್ತೆ, ಮತ್ತೆ. ನೂರು ದಾಟಿದ ಮೇಲೆ ನಾನು ಎಣಿಸುವುದು ಬಿಟ್ಟೆ. "ಒಂದ ಚಿತ್ರ ಇಷ್ಟು ಸಲ ಯಾಕಬೇ?" ಎಂದೆ.

ಅದಕ್ಕೆ ಅವಳು ಹೇಳಿದ್ದು ನಿನಗೆ ಬಹಳ ಹಿಡಿಸುತ್ತದೆ. "ನಮ್ಮ ಓಣ್ಯಾಗ ಜಗಳ ಆಗ್ತದಲ್ರಿ, ಬಂದು ಹೇಳೂ ಒಬ್ಬೊಬ್ರೂ ತಮ್ಮದೊಂದು ಉಪ್ಪು ಖಾರ ಹಚ್ಚತಾರ. ಒಬ್ಬಾಕಿ ಕಸಬರಗಿ ಅಂತಾಳ, ಇನ್ನೊಬ್ಬಾಕಿ ಒನಕಿ ಅಂತಾಳ. ಅತ್ತಿ ಏನ್ ಮಾಡ್ತಾರ? ಎಲ್ಲಾರ ಮಾತೂ ಕೇಳಿ, ಎಲ್ಲಾರೂ ಹೇಳಿದ್ದು ಯಾವುದದ ಅಷ್ಟ ಇಟಗೋತಾರ. ಇದೂ ಅಷ್ಟ. ಚಿಕ್ಕಿ ಎಲ್ಲಾ ಚಿತ್ರದಾಗೂ ಇದ್ದಲ್ಲೇ ಇರ್ತದ. ಕಾಳು ಒಂದೊಂದರಾಗ ಒಂದೊಂದು ಕಡಿ. ಎಲ್ಲಾ ಕೂಡಿಸಿ ಸಮಾ ಮಾಡಿದ್ರ ಸುಳ್ಳು ಕರಗತದ, ಖರೇದ್ದು ಉಳೀತದ." ನೋಡು ಅವ್ವ, ನೀನು ಕಟ್ಟೆಯ ಮೇಲೆ ಕೂತು ಮಾಡುವ ಕೆಲಸವನ್ನು ಅವಳು ಇಷ್ಟು ವರ್ಷ ಅಡುಗೆಮನೆಯಿಂದ ನೋಡಿ ಕಲಿತಿದ್ದಾಳೆ!

ಮಿರಗ ನೆತ್ತಿಯ ಕಡೆ ಬರುವ ಹೊತ್ತಿಗೆ ಸಾಕು ಎಂದಳು. ಇನ್ನು ಮುಚ್ಚಳ ಹಾಕಿ ಒಂದಿಷ್ಟು ತೆಗೆದರೆ ಮುಗಿಯಿತು, ಅಷ್ಟರಲ್ಲಿ ಪಾತ್ರೆ ಬುಟ್ಟಿಗೆ ತುಂಬಿ ಬರುತ್ತೇನೆ ಎಂದು ಗುಡಿಸಲಿಗೆ ಹೋದಳು. ನಾನು ಕ್ಯಾಮೆರಾ ಮುಟ್ಟಿ ನೋಡಿದೆ. ಅಯ್ಯೋ, ಇಬ್ಬನಿ ಬಿದ್ದು ತೊಯ್ದು, ಹಿಮದಂತೆ ತಣ್ಣಗಾಗಿತ್ತು. ಒಳಗೆ ನೀರು ಹೋದರೆ? ನನ್ನ ಸ್ವಭಾವ ನಿನಗೆ ಗೊತ್ತು, ಕೈ ಸುಮ್ಮನಿರಲಿಲ್ಲ. ಒರೆಸಿ, ಕೌದಿಯಲ್ಲಿ ಸುತ್ತಿ, ಸಂಜೆ ಬದುವಿನ ಮೇಲೆ ಭಜ್ಜಿ ಬಿಸಿ ಮಾಡಿದ್ದ ಒಲೆಯ ಕೆಂಡದ ಹತ್ತಿರ ಇಟ್ಟೆ. ಕೂಸನ್ನು ಬೆಚ್ಚಗೆ ಮಾಡುತ್ತೀರಲ್ಲ, ಹಾಗೆ. ಹಿತವಾಗಿ ಬೆಚ್ಚಗಾದ ಮೇಲೆ ಮತ್ತೆ ಸ್ಟ್ಯಾಂಡಿನ ಮೇಲೆ ಕೂಡಿಸಿದೆ. ಒಳ್ಳೆಯದು ಮಾಡಿದೆನೆಂದೇ ತಿಳಿದಿದ್ದೆ, ಅದಕ್ಕೆ ಹೇಳಲೂ ಇಲ್ಲ.

ಅವಳು ಬಂದು ಕ್ಯಾಮೆರಾದ ಬಾಯಿಗೆ ಮುಚ್ಚಳ ಹಾಕಿ ಪಟಪಟ ಫೋಟೋ ತೆಗೆಯತೊಡಗಿದಳು. ಹುಲೆಪ್ಪ ಕಾಕಾ ಬೀಡಿ ಸೇದಲು ಬದುವಿನ ತನಕ ಬಂದಿದ್ದ. ಬೀಡಿ ಹಚ್ಚಬೇಡಿರಿ ಎಂದು ಅವಳು ಮೊದಲೇ ತಾಕೀತು ಮಾಡಿದ್ದರಿಂದ ಬರೀ ಬಾಯಲ್ಲಿ ಇಟ್ಟುಕೊಂಡು ನಿಂತಿದ್ದ. "ಏನವಾ ಸೃಷ್ಟಿ, ಮುಚ್ಚಳ ಹಾಕಿ ಫೋಟೋ ತಗದ್ರ ಏನ್ ಬರ್ತದ? ಕಣ್ಣು ಮುಚಗೊಂಡು ಬಯಲಾಟ ನೋಡಿದಂಗಾತು" ಎಂದ. ಅವಳು ನಗುತ್ತ, "ಮಾವ, ತೊಗರಿ ಮಾರೂವಾಗ ಖಾಲಿ ಚೀಲದ ತೂಕ ಕಳೀತೀರೋ ಇಲ್ಲೋ?" ಎಂದಳು. "ಕಳೀದ ಬಿಟ್ರ ಅಡತಿಯಂವ ನನ್ನ ಬಿಡ್ತಾನೇನು?" "ಇದೂ ಖಾಲಿ ಚೀಲಾ ರಿ. ಆಕಾಶಿಲ್ಲದಾಗ ಈ ಕ್ಯಾಮೆರಾ ತಾನ ಎಷ್ಟು ಕಾಳು ಹಾಕ್ತದ ಅಂತ ತೂಗಿ, ಆಮ್ಯಾಲ ಅದರಾಗಿಂದ ಕಳೀತೇನಿ." ಕಾಕಾ ಬಾಯಿಂದ ಬೀಡಿ ತೆಗೆದು ನನ್ನ ಕಡೆ ತಿರುಗಿ, "ಲೇ ಕಲ್ಯಾ, ನಿನ್ನ ಸಾಲಿ ಬಿಡಿಸಿದ್ದು ಚಲೋ ಆತಲೇ, ಮನ್ಯಾಗ ಮಾಸ್ತರಿಣಿ ಬಂದಾಳ" ಎಂದ. ಕತ್ತಲೆಯಲ್ಲಿ ನಾನೂ ನಕ್ಕೆ. ಆ ಹೊತ್ತು ನನಗೆ ಅಂಜಿಕೆ ನೆನಪಿರಲಿಲ್ಲ.

ಮರುದಿನ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಕೂಡಿಸಿ ಕಳೆದಾಗ ಚಿತ್ರದ ತುಂಬ ಸಣ್ಣ ಸಣ್ಣ ಕರಿ ತೂತು, ನುಸಿ ಹಿಡಿದ ಜೋಳದಂತೆ. ಮೋಡದ ಮೈಯೆಲ್ಲ ತೂತು. ಆ ಕತ್ತಲೆ ಇನ್ನು ಸಿಗುವುದಿಲ್ಲವಲ್ಲ, ಲೈಟು ಬರುವುದಿದೆಯಲ್ಲ ಎಂದು ನಾನು ಅವಳ ಹಿಂದೆ ನಿಂತು ತೂತು ಎಣಿಸತೊಡಗಿದೆ. ಅವಳು ಒಂದು ಚಿತ್ರ ನೋಡುವುದು, ಇನ್ನೊಂದು ನೋಡುವುದು, ಹಾಗೇ ಮಾಡಿ ಮಾಡಿ, ಕಡೆಗೆ ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು: "ಇದನ್ನ ಬೆಚ್ಚಗ ಮಾಡಿದ್ರೇನು?"

ಅವ್ವ, ಒಲೆ ಅವಳು ನೋಡಿಲ್ಲ, ಕೌದಿ ನೋಡಿಲ್ಲ. ಬರೀ ಕಾಳು ನೋಡಿ ಹಿಡಿದಳು! ಕ್ಯಾಮೆರಾ ಬೆಚ್ಚಗಾದಷ್ಟೂ ಕಾಳು ಹೆಚ್ಚು ಹಾಕುತ್ತದಂತೆ. ಆಕಾಶ ತೆಗೆದಾಗ ಅದು ತಣ್ಣಗಿತ್ತು, ಮುಚ್ಚಳ ಹಾಕಿ ತೆಗೆದಾಗ ನನ್ನ ಪುಣ್ಯದಿಂದ ಬಿಸಿಯಾಗಿತ್ತು. ಇದ್ದುದಕ್ಕಿಂತ ಹೆಚ್ಚು ಕಳೆದದ್ದಕ್ಕೆ ತೂತು ಬಿದ್ದವು. "ತೊಗರಿ ತುಂಬಿದ್ದು ಒಣಾ ಚೀಲದಾಗ, ನೀವು ತೂಗಿಸಿದ್ದು ತೊಯ್ದ ಚೀಲ" ಎಂದಳು. ಬೇರೆಯವರಾಗಿದ್ದರೆ ಕ್ಯಾಮೆರಾ ನನ್ನ ತಲೆಗೆ ಎತ್ತಿ ಹಾಕುತ್ತಿದ್ದರು. ಇವಳು ಚಹಾ ಕುದಿಸಿ ಕೊಟ್ಟು, "ಆಕಾಶ ಕೆಟ್ಟಿಲ್ಲ ರಿ, ಚೀಲ ಅಷ್ಟ ಮತ್ತ ತೂಗೂಣು" ಎಂದಳು.

ಅಂದೇ ಸಂಜೆ ಮತ್ತೆ ಹೊಲಕ್ಕೆ ಹೋದೆವು. ಕ್ಯಾಮೆರಾ ಹೊರಗೆ ಇಟ್ಟು, ಹಿಂದಿನ ರಾತ್ರಿಯಷ್ಟೇ ಥಂಡಿ ಅದರ ಮೈಗೆ ಹತ್ತುವ ತನಕ ಕಾಯಬೇಕಿತ್ತು. ನಾನು ಎರಡೂ ಕೈ ಬಗಲಲ್ಲಿ ಇಟ್ಟುಕೊಂಡು ಕೂತೆ, ಮುಟ್ಟಿದರೆ ಕೇಳು! ಆಕಾಶದಲ್ಲಿ ಅಷ್ಟೆಲ್ಲ ಚುಕ್ಕಿ ಇದ್ದರೂ ಅವಳು ಆ ದಿನ ಮುಚ್ಚಳ ತೆಗೆಯಲಿಲ್ಲ. ಏನೂ ಕಾಣದ ಚಿತ್ರವನ್ನು ಅಷ್ಟು ಶ್ರದ್ಧೆಯಿಂದ ತೆಗೆಯುವವರನ್ನು ನಾನು ನೋಡಿರಲಿಲ್ಲ. ಅಪ್ಪ ಇದ್ದಿದ್ದರೆ ಅವಳ ಪಕ್ಕದಲ್ಲಿ ಕೂತು ನೂರು ಪ್ರಶ್ನೆ ಕೇಳುತ್ತಿದ್ದ.

ಚಿತ್ರ ಈಗ ತೂತಿಲ್ಲದೆ ಬಂದಿದೆ. ಅಂಗೈ ಮೇಲಿನ ವಿಭೂತಿ ಊದಿದರೆ ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುತ್ತದಲ್ಲ, ಹಾಗೆ ಇದೆ ಆ ಮೋಡ, ನಡುವೆ ಚೂರು ಗುಲಾಬಿ ಬಣ್ಣ. ಸುತ್ತಲಿನ ಕಪ್ಪು ಎಷ್ಟು ಶುದ್ಧ ಎಂದರೆ ಒರೆಸಿ ಇಟ್ಟಂತಿದೆ. ಅದು ನಮ್ಮ ಹೊಲದ ಕತ್ತಲೆ ಅವ್ವ. ಇಷ್ಟು ವರ್ಷ ನಾನು ಅದರಲ್ಲಿ ಒಂದು ಹಾವನ್ನೇ ಹುಡುಕಿದೆ, ಅವಳು ಅದರಿಂದ ಇದನ್ನು ತೆಗೆದಳು. ಅಫಜಲಪುರದಲ್ಲಿ ದೊಡ್ಡದಾಗಿ ಪ್ರಿಂಟು ಹಾಕಿಸಿ ಪತ್ರದ ಜೊತೆ ಇಟ್ಟಿದ್ದೇನೆ. ಗುರಣ್ಣ ಮಾಮಾ ಇವತ್ತು ಜೇವರ್ಗಿಗೆ ಬರುತ್ತಾನೆ, ಅವನ ಕೈಯಲ್ಲೇ ಕೊಡುತ್ತೇನೆ. ಮಡಚಬೇಡ ಎಂದು ನಾಲ್ಕು ಸಲ ಹೇಳಿದ್ದೇನೆ, ಆದರೂ ಅದರ ಮೇಲೇ ಕೂಡುತ್ತಾನೋ ಏನೋ.

ಜಗದೇವಿಗೆ, ಅಳಿಯಂದಿರಿಗೆ ಶರಣು ಹೇಳು. ಕೂಸಿನ ಹಣೆಗೆ ನನ್ನದೊಂದು ಮುತ್ತು, ಸೃಷ್ಟಿಯದೊಂದು. ಬಸವಣ್ಣ ನಿಮ್ಮೆಲ್ಲರನ್ನೂ ಬೆಚ್ಚಗಿಡಲಿ. ಗುಳಿಗೆಯನ್ನು ಊಟದ ಮೇಲೆ ತಗೋ, ಮರೆಯಬೇಡ.

ನಿನ್ನ ಮಗ
ಕಲ್ಲಿನಾಥ

ತಾಜಾ ಕಲಂ: ಗುರಣ್ಣ ಮಾಮಾ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮುಜೀಬ ನಿನ್ನೆ ಲೈಟು ತಂದಿದ್ದ. ತಾನೇ ಹತ್ತುತ್ತದೆ, ಆರಿಸಲು ಬರುವುದಿಲ್ಲ. ನಾನು ವಾಪಸು ಕಳಿಸಿದೆ. "ಅರೇ ಭಾಯಿ, ಅವ್ವಾರು ಬಂದು ನನ್ನ ಕಂಬಕ್ಕ ಕಟ್ಟತಾರ" ಎಂದು ಅಂಜುತ್ತಲೇ ಹೋದ. ವಾಪಸು ಕಳಿಸಿರಿ ಎಂದು ಸೃಷ್ಟಿ ಕೇಳಿಲ್ಲ ಅವ್ವ, ಹಚ್ಚಿಸಿಬಿಡಿರಿ ಎಂದೇ ಅಂದಳು. "ಮಾವಾರದು ಜೀವ ಹೋದ ಜಾಗ ಅದು, ನನ್ನ ಚಿತ್ರದ ಸಲುವಾಗಿ ಅತ್ತಿ ನಿದ್ದಿ ಕೆಡಬಾರದು" ಎಂದಳು. ಕೇಳುತ್ತಿರುವುದು ನಾನು. ಗುಂಡಿ ಇರುವ ಲೈಟು ಹಾಕಿಸೋಣ. ದಿನಾ ಹೊತ್ತು ಮುಳುಗುವ ಮುಂಚೆ ನಾನೇ ಹೋಗಿ ಹಚ್ಚಿ ಬರುತ್ತೇನೆ, ಅಪ್ಪನ ಆಣೆ. ಅಮಾವಾಸ್ಯೆಯ ಆಜುಬಾಜು ಎರಡು ದಿನ ಮಾತ್ರ ಗುಂಡಿ ಅವಳ ಕೈಯಲ್ಲಿರಲಿ. ನಾನು ಹೇಳಿದರೆ ಅವಳು ಆರಿಸುವುದಿಲ್ಲ, ನೀನೇ ಹೇಳಬೇಕು. ಬೇಡ ಎನ್ನುವುದಿದ್ದರೆ ಅನ್ನು, ಮುಜೀಬನನ್ನು ಮರುದಿನವೇ ಕರೆಸುತ್ತೇನೆ. ಆದರೆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅನ್ನು.