ಒಡೇರ ಓಣಿ ನಮ್ಮ ಹೆಸರಿಗೆ

ಹೊನ್ನಾವರ
ತಾ. 14-11-1978

ಪ್ರೀತಿಯ ತಮ್ಮ ಶನಿಯಾರನಿಗೆ ಅಕ್ಕ ದುರ್ಗಮ್ಮನ ಆಶೀರ್ವಾದಗಳು.

ನೀನು ಹೇಗಿದ್ದೀಯ? ಬೊಂಬಾಯಿ ಬಂದರಿನ ಧಕ್ಕೆಯಲ್ಲಿ ಬರ್ಫದ ಪೆಟ್ಟಿಗೆ ಹೊತ್ತು ಹಿಡಿದುಕೊಂಡ ಸೊಂಟ ಈಗಲಾದರೂ ಬಿಟ್ಟಿತೇ? ಮಂಜಿಯ ಕೆಮ್ಮು ಕಡಿಮೆಯಾಯಿತೇ? ಶಿವ ದಿನವೂ ಶಾಲೆಗೆ ಹೋಗುತ್ತಾನೋ, ಇಲ್ಲ ನಿನ್ನ ಹಾಗೆ ಹೊಟ್ಟೆನೋವು ಬರಿಸಿಕೊಳ್ಳುತ್ತಾನೋ? ಸುಬ್ಬಿಗೆ ಹಲ್ಲು ಎಷ್ಟು ಬಂದವು ಎಂದು ಎಣಿಸಿ ಬರೆ. ನನಗೆ ಮೊಣಕಾಲಿನ ನೋವು ಬಿಟ್ಟರೆ ಮತ್ತೆಂತದೂ ಇಲ್ಲ. ಈ ವಾರವಂತೂ ಅದೂ ಮರೆತುಹೋಗಿದೆ. ಯಾಕೆ ಎಂದು ಮುಂದೆ ಓದು.

ಜಾಗದ ನೋಂದಣಿ ಆಯಿತು. ಅಪ್ಪನ ಕಾಲದಿಂದ ಮನೆ ನಮ್ಮದು, ಅದರ ಅಡಿಯ ನೆಲ ಮಹಾಬಲ ಒಡೆಯರದು ಎಂದು ವರ್ಷ ವರ್ಷ ಗೇಣಿ ಕೊಟ್ಟು ಕೂತಿದ್ದೆವಲ್ಲ, ಆ ಆರೂವರೆ ಗುಂಟೆ ಈಗ ನೆಲ, ಮರ, ಮಣ್ಣು ಸಮೇತ ನಮ್ಮದು. ಅರ್ಧ ನಿನ್ನ ಹೆಸರಿಗೆ, ಅರ್ಧ ನನ್ನ ಹೆಸರಿಗೆ. ಕೊಳ್ಳುವವರ ಸಹಿ ಬೇಡ, ಮಾರುವವರದು ಸಾಕು ಎಂದರು. ಹಾಗಾಗಿ ನಿನ್ನನ್ನು ಕರೆಸಲಿಲ್ಲ. ಒಡೆಯರ ಮಗ ವೆಂಕಟ್ರಮಣನಿಗೆ ಲಾರಿ ತೆಗೆಯುವ ಹುಚ್ಚು ಹಿಡಿಯದಿದ್ದರೆ ಅವರು ಒಂದು ಹಿಡಿ ಮಣ್ಣನ್ನೂ ಮಾರುತ್ತಿರಲಿಲ್ಲ.

ನೀನು ಕಳಿಸಿದ ದುಡ್ಡು ಎಲ್ಲಿ ಹೋಯಿತು ಎಂದು ಮಂಜಿ ಕೇಳಿಯಾಳು, ಅವಳಿಗೂ ಓದಿ ಹೇಳು. ಮೊದಲು ಶಾನುಭೋಗರಲ್ಲಿ ಪಹಣಿಯ ನಕಲು ತೆಗೆಸಿದೆ. ಆಮೇಲೆ ಈ ಜಾಗದ ಮೇಲೆ ಸಾಲಗೀಲ ಇದೆಯೇ ಎಂದು ನೋಡಲು ಹದಿಮೂರು ವರ್ಷದ ಋಣಭಾರದ ಸರ್ಟಿಫಿಕೇಟು. ಅದಕ್ಕೆ ನಾಲ್ಕು ಸಲ ಕಚೇರಿ ಮೆಟ್ಟಿಲು ಹತ್ತಿಳಿದೆ. ಕುಮಟೆಯ ವಕೀಲರು ಕಾಗದವೆಲ್ಲ ನೋಡಿ ಐವತ್ತು ರೂಪಾಯಿ ತಗೊಂಡರು. ಅಳತೆ ಮಾಡಿ ನಕ್ಷೆ ಬರೆದವನಿಗೆ ಇಪ್ಪತ್ತು ಮತ್ತು ಒಂದು ಊಟ. ಬಂಗಡೆ ಸಾರು ಮೂರು ಸಲ ಹಾಕಿಸಿಕೊಂಡ. ಎಲ್ಲಕ್ಕಿಂತ ಹೆಚ್ಚು ತಿಂದದ್ದು ಛಾಪಾ ಕಾಗದ, ಜಾಗದ ಬೆಲೆಯ ಹತ್ತರಲ್ಲಿ ಒಂದು ಪಾಲಿನಷ್ಟು. ನೋಂದಣಿ ಫೀ ಬೇರೆ, ಪತ್ರ ಬರೆಯುವವನ ಕೂಲಿ ಬೇರೆ. ಇನ್ನು ಖಾತೆ ನಮ್ಮ ಹೆಸರಿಗೆ ಬದಲಾಗುವುದೊಂದು ಬಾಕಿ.

ಆ ನಕ್ಷೆ ಬಂದ ದಿನ ನಾನು ಊಟ ಮಾಡಲಿಲ್ಲ, ಅದನ್ನೇ ನೋಡುತ್ತ ಕೂತೆ. ರಸ್ತೆಯಿಂದ ಒಡೆಯರ ಮನೆಗೆ ಹೋಗುವ ಓಣಿ ಉದ್ದಕ್ಕೂ ನಮ್ಮ ಆರೂವರೆ ಗುಂಟೆಯ ಒಳಗೇ ಇದೆ. ಅದೇ ಓಣಿ, ಶನಿಯಾರ. ಹೊಳೆಬದಿಯಿಂದ ಮೀನುಬುಟ್ಟಿ ಹೊತ್ತು ಅಮ್ಮ ಅವರ ಅಂಗಳದ ಬದಿಯಿಂದ ಬರುತ್ತಿದ್ದ ಓಣಿ. ಬುಟ್ಟಿಯ ನೀರು ಸೋರಿ ಜಗಲಿಯವರೆಗೆ ನಾತ ಬರುತ್ತದೆ ಎಂದು ಅವರು ಮುಳ್ಳು ಹಾಕಿಸಿದಾಗ ನಿನಗೆ ಐದು ವರ್ಷ. "ಹೊಳೆ ಬದಿಗೆ ದಾರಿ ಅದೆಯಲ್ಲ, ಅಲ್ಲಿ ಹೋಗು" ಎಂದಿದ್ದರು. ಮೊಣಕಾಲುದ್ದದ ಕೆಸರನ್ನು ದಾರಿ ಎಂದರು. ಅದರೊಳಗಿನ ಚಿಪ್ಪು ಅಮ್ಮನ ಪಾದ ಸೀಳಿತು, ಕೀವಾಯಿತು, ಇಪ್ಪತ್ತು ದಿನಕ್ಕೆ ಅಮ್ಮ ಹೋದಳು. ನಿನಗೆ ನೆನಪಿರಲಿಕ್ಕಿಲ್ಲ. ಒಡೆಯರ ಹೆಂಡತಿ ಹೊನ್ನಮ್ಮ ಕೊಡುತ್ತಿದ್ದ ಬೆಲ್ಲ ಮಾತ್ರ ನಿನಗೆ ನೆನಪು. ನನಗೆ ಆ ಪಾದ ನೆನಪು.

ನೋಂದಣಿಯ ದಿನ ಪತ್ರ ಬರೆಯುವವನು ಕರಡನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ. ಕೊನೆಯಲ್ಲಿ, ಮಾರುವವರಿಗೆ ಹಿಂದಿನಂತೆ ಓಣಿಯಲ್ಲಿ ಹೋಗಿ ಬರುವ ಹಕ್ಕು ಇದೆ ಎಂದು ಒಂದು ಸಾಲು ಸೇರಿಸಲೇ ಎಂದು ಕೇಳಿದ. ಸೇರಿಸಿದರೆ ಇನ್ನೊಂದು ಹಾಳೆ ಛಾಪಾ ಕಾಗದ ಬೇಕು, ಆ ಕಾಗದ ಮಾರುವವನು ಊಟಕ್ಕೆ ಹೋಗಿದ್ದ. ಒಡೆಯರು ನಕ್ಕರು. "ಅದೆಂತಕ್ಕೆ ಬರೀತ್ಯೋ? ನಂಗೆ ದಾರಿ ಬಿಡೂದಿಲ್ಲ ಅಂಬೂ ಧೈರ್ಯ ಈ ಊರಲ್ಲಿ ಯಾರಿಗದೆ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ದನೇ ದುರ್ಗಿ?" ಎಂದರು. ನಾನು ತಲೆ ತಗ್ಗಿಸಿ, "ನಿಮ್ಮ ಮನಸು ಒಡೇರೆ" ಎಂದೆ. ಅವರು ಸಹಿ ಹಾಕಿದರು. ಒಣಮೀನು ಕಟ್ಟುವ ಪೇಪರಿನಲ್ಲಿ ಅಕ್ಷರ ಕಲಿತವಳು ನಾನು. ಪತ್ರ ಕೈಗೆ ಬಂದ ಮೇಲೆ ಸಾಲು ಸಾಲಾಗಿ ಬೆರಳಿಟ್ಟು ಓದಿದೆ. ಆ ಸಾಲು ಇಲ್ಲ.

ಮರುದಿನವೇ ಓಣಿಯ ಬಾಯಿಗೆ ಬೇಲಿ ಕಟ್ಟಿಸಿದೆ. ವೆಂಕಟ್ರಮಣನ ಹೊಸ ಲಾರಿ ಈಗ ರಸ್ತೆಯಲ್ಲೇ ಮಲಗುತ್ತದೆ. ಒಡೆಯರು ಬೇಲಿಯಾಚೆ ನಿಂತು, "ಹೀಗೂ ಮಾಡ್ತ್ಯನೇ?" ಎಂದು ಕೇಳಿದರು. "ಹೊಳೆ ಬದಿಗೆ ದಾರಿ ಅದೆಯಲ್ಲ ಒಡೇರೆ" ಎಂದೆ. ಕೋರ್ಟಿಗೆ ಹೋದರೂ ಬೇರೆ ದಾರಿ ಇದ್ದವರಿಗೆ ಗೆಲ್ಲುವುದು ಸುಲಭವಲ್ಲ ಎಂದು ವಕೀಲರು ಹೇಳಿದ್ದಾರೆ. ನಿನ್ನೆ ಇಳಿತದ ಹೊತ್ತಿಗೆ ಹೊನ್ನಮ್ಮ ಸೀರೆ ಎತ್ತಿಕಟ್ಟಿ ಆ ಕೆಸರಿನಲ್ಲಿ ಹೋಗುತ್ತಿದ್ದಳು. ಎಪ್ಪತ್ತರ ಮುದುಕಿ. ನಾನು ಹಿತ್ತಲಲ್ಲಿ ನಿಂತು ಅವಳು ದಡ ಹತ್ತುವ ತನಕ ನೋಡಿದೆ. ಅಯ್ಯೋ ಅನಿಸಬೇಕಿತ್ತೇನೋ, ಅನಿಸಲಿಲ್ಲ. ನಿನಗೆ ಸುಳ್ಳು ಬರೆಯಲಾರೆ.

ಮಂಜಿಗೆ ಕೆಮ್ಮಿನ ಕಷಾಯ ಬಿಡಬೇಡ ಎನ್ನು. ಮಕ್ಕಳಿಬ್ಬರಿಗೂ ನನ್ನ ಮುತ್ತು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ದುರ್ಗಮ್ಮ

ತಾ.ಕ. ಲಕೋಟೆ ಅಂಟಿಸುವಾಗ ಪಕ್ಕದ ಮನೆಯ ಲಕ್ಕಿ ಬಂದು ಹೇಳಿದಳು, ನಿನ್ನ ವಿಳಾಸವನ್ನು ವೆಂಕಟ್ರಮಣನಿಗೆ ಅವಳೇ ಕೊಟ್ಟಳಂತೆ. ಬರುವ ಬುಧವಾರದ ಬೊಂಬಾಯಿ ಬಸ್ಸಿಗೆ ಅವನು ಸೀಟು ಮಾಡಿಸಿದ್ದಾನೆ. ದಾರಿ ಬಿಟ್ಟುಕೊಡುವ ಪತ್ರ ಬರೆಸಿಕೊಂಡು ಬರುತ್ತಾನೆ. ನೀನು ಸಹಿ ಹಾಕಿದರೆ ಅಕ್ಕನ ಹಟ ಎಷ್ಟು ದಿನ ಎಂದು ಅವನ ಲೆಕ್ಕ. ಹೊನ್ನಮ್ಮ ಕೆಸರು ತುಳಿದು ಮನೆಗೆ ಬಂದು ಅತ್ತಳು ಎಂದು ಹೇಳುತ್ತಾನೆ, ನೀನು ಕರಗುವವನು. ಅವನಿಗೆ ಊಟ ಹಾಕು, ಮಲಗಲು ಚಾಪೆ ಕೊಡು, ಸಹಿ ಮಾತ್ರ ಕೊಡಬೇಡ. ಕೊಟ್ಟೆಯೋ, ಆ ಬೇಲಿಯನ್ನು ನೀನೇ ಬಂದು ಕೀಳಬೇಕು, ನನ್ನ ಕೈಯಿಂದ ಆಗುವುದಿಲ್ಲ. ಏನು ಮಾಡಿದೆ ಎಂದು ಬೇಗ ಬರೆ.