ಕಳೆದ ಕುರಿ ಮತ್ತು ನಮ್ಮವ್ವನ ಊಟ

ಸಂಸ್ಥಾನದ ವಿದ್ಯಾಧಿಕಾರಿ ಸಾಹೇಬರಿಗೆ, ಊರೆಲ್ಲ ಓದಲೆಂದು ಬರೆದದ್ದು.

ಮಾನ್ಯರೇ, ತಮ್ಮ ಖಾತೆಯ ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ಒಂದು ಕುರಿ ಕಳೆದಿದೆ. ಅದು ಸಿಗುವ ತನಕ ನನ್ನ ತಾಯಿ, ಎಪ್ಪತ್ತೆರಡು ವರ್ಷದ ಬಾಳವ್ವ, ದಿನಕ್ಕೆ ಒಪ್ಪತ್ತು ಮಾತ್ರ, ಅದೂ ಉಪ್ಪಿಲ್ಲದೆ, ಉಣ್ಣುತ್ತಿದ್ದಾರೆ. ಇಂದು ಹನ್ನೊಂದನೆಯ ದಿನ.

ಪುಸ್ತಕ ಬರೆದವರು ಮಿಶನ್ನಿನವರು. ಅದಕ್ಕೆ ನನ್ನ ತಕರಾರಿಲ್ಲ, ಅವರ ದೇವರು ಅವರಿಗೆ. ಆದರೆ ನಾವು ಜೈನರು, ನೂಲಿನ ವ್ಯಾಪಾರದವರು. ಹೊತ್ತು ಮುಳುಗುವ ಮುಂಚೆ ಉಂಡು ಕೂತರೆ ಮನೆಯಲ್ಲಿ ಕೇಳುವುದು ನನ್ನ ಮಗಳು ಅನುಸೂಯಾಳ ಪಾಠವೊಂದೇ. ಗುರಪ್ಪ ಮಾಸ್ತರರ ಅಪ್ಪಣೆಯಂತೆ ಪ್ರತಿ ವಾಕ್ಯವನ್ನೂ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಒದರುತ್ತಾಳೆ. ಪೇತ್ರನು ಮೀನು ಹಿಡಿಯುತ್ತಾನೆ. ಪೇತ್ರನು ಮೀನು ಹಿಡಿದನು. ಪೇತ್ರನಿಂದ ಮೀನು ಹಿಡಿಯಲ್ಪಟ್ಟಿತು.

“ಒಂದ ಮೀನಾ ಎಷ್ಟ ಸಲ ಹಿಡೀತಾನ ಯವ್ವಾ ಆಂವಾ?” ಎಂದು ಅವ್ವ ಕಿವಿ ಮುಚ್ಚಿಕೊಂಡರು. ಕಾಯಿಪಲ್ಯದಲ್ಲಿ ಹುಳ ಕಂಡರೆ ಎತ್ತಿ ಹಿತ್ತಲಿಗೆ ಬಿಟ್ಟು ಬರುವ ಮನೆಯಲ್ಲಿ ಇದನ್ನೂ ಸಹಿಸಿದೆವು. ಕೊನೆಯ ಪುಟದಲ್ಲಿ ಬಂತು ನೋಡಿ: ಕುರುಬನ ಹತ್ತಿರ ನೂರು ಕುರಿಗಳಿದ್ದವು. ಒಂದು ಕಳೆಯಿತು. ಅವನು ಹುಡುಕುತ್ತ ಗುಡ್ಡಕ್ಕೆ ಹೋದನು. ಅಲ್ಲಿಗೆ ಪುಸ್ತಕ ಖಲಾಸ್. ಉಳಿದದ್ದು ಎರಡನೆಯ ಭಾಗದಲ್ಲಂತೆ.

“ಸಿಕ್ತೇನ?” ಎಂದು ಅವ್ವ ಮೊಮ್ಮಗಳನ್ನು ಕೇಳಿದರು.

“ಗೊತ್ತಿಲ್ಲಬೇ ಆಯಿ, ಬುಕ್ಕ ಮುಗೀತು.”

“ಹಂಗಾರ ಅದು ಸಿಗೂತನಾ ನನಗ ಒಪ್ಪತ್ತ. ಉಪ್ಪೂ ಬ್ಯಾಡ.”

ನಮ್ಮಲ್ಲಿ ನೇಮ ಹಿಡಿದರೆ ಮುಗಿಯಿತು, ಯಾರ ಮಾತೂ ನಡೆಯುವುದಿಲ್ಲ. ಮಾಸ್ತರರನ್ನು ಕರೆಸಿದೆ. “ಸಿಕ್ಕಿರಬೇಕ್ರಿ” ಎಂದರು. ಆ ‘ಬೇಕು’ ಅವ್ವನಿಗೆ ಸಾಲಲಿಲ್ಲ. ಮೂರನೆಯ ದಿನ ನಾನೇ ಸುಳ್ಳಾಡಿದೆ. “ಸಿಕ್ತಬೇ ಅವ್ವಾ, ಇಲ್ಲೇ ಬರದಾರ ನೋಡು” ಎಂದು ಯಾವುದೋ ಸಾಲಿನ ಮೇಲೆ ಬೆರಳಿಟ್ಟೆ. ಮಗಳು ಅದನ್ನು ಶಿಸ್ತಾಗಿ ಕನ್ನಡದಲ್ಲಿ ಓದಿದಳು: “ಪೌಲನು ಹಡಗಿನಲ್ಲಿ ರೋಮಿಗೆ ಹೋದನು.” ನನ್ನ ಸುಳ್ಳಿನ ಪ್ರಾಯಶ್ಚಿತ್ತಕ್ಕೆಂದು ಅವ್ವ ಅಂದಿನಿಂದ ಹಾಲನ್ನೂ ಬಿಟ್ಟರು.

ಎರಡನೆಯ ಭಾಗ ಕೇಳಲು ತಮ್ಮ ಕಚೇರಿಗೆ ಎರಡು ಸಲ ಬಂದೆ. ಪರೀಕ್ಷೆ ಪಾಸಾದವರಿಗೆ ಮಾತ್ರ ಅದನ್ನು ಕೊಡುವುದಂತೆ! ಪರೀಕ್ಷೆ ಚೈತ್ರದಲ್ಲಿ, ಈಗಿನ್ನೂ ಪುಷ್ಯ. ಎಂಥ ಘನವಾದ ಕಾಯಿದೆ! ಅಲ್ಲಿಯ ತನಕ ಮುದುಕಿ ಏನು ಉಣ್ಣಬೇಕು, ತಮ್ಮ ಕಾರಕೂನರ ಉತ್ತರವನ್ನೇ? ನಿನ್ನೆ ಬಸದಿಯ ಮೆಟ್ಟಿಲು ಹತ್ತುವಾಗ ಅವ್ವ ಗೋಡೆ ಹಿಡಿದು ಕುಸಿದು ಕೂತರು. ನನಗೆ ಹೆದರಿಕೆಯಾಗಿದೆ, ಸಾಹೇಬರೇ.

ನನಗೆ ಪುಸ್ತಕ ಬೇಡ. ಆ ಕುರಿ ಸಿಕ್ಕಿತೆಂದು ಕನ್ನಡದಲ್ಲಿ ಒಂದೇ ಸಾಲು ಬರೆದು, ಸಂಸ್ಥಾನದ ಮುದ್ರೆ ಒತ್ತಿ ಕೂಡಲೇ ಕಳಿಸಬೇಕು. ಮಗನನ್ನು ನಂಬದಿದ್ದರೂ ಅವ್ವ ಮುದ್ರೆಯನ್ನು ನಂಬುತ್ತಾರೆ. ಸಿಕ್ಕ ಕುರಿಯನ್ನು ಆಮೇಲೆ ಏನು ಮಾಡಿದರೆಂಬುದೂ ಆ ಪುಸ್ತಕದಲ್ಲಿದ್ದರೆ, ಕೈಮುಗಿಯುತ್ತೇನೆ, ಅದೊಂದನ್ನು ಬರೆಯಬೇಡಿ.

ಇಂತಿ,
ಅವ್ವನೆದುರು ಮೋರೆ ಎತ್ತಲಾರದ
ಭೂಪಾಲ, ನೂಲಿನ ವ್ಯಾಪಾರಿ
ಬನಹಟ್ಟಿ, ೧೯೩೪